ಸಣ್ಣ ಲಿಫ್ಟಿನ ಸೇಡು

ಆಸ್ಪತ್ರೆಯ ಐದನೇ ಮಹಡಿಯಲ್ಲಿ ಕೂತು ಸಿಬ್ಬಂದಿಯ ಮನೆಯವರನ್ನು ನೋಡುವ ಡಾಕ್ಟರಿಗೆ ಬಾಯಿ ಉದ್ದ, ಕೈ ಗಿಡ್ಡ. ಹೊಟ್ಟೆನೋವು ಎಂದು ಯಾರು ಹೋದರೂ ಮುಟ್ಟಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಕುರ್ಚಿಗೆ ಒರಗಿದ್ದ ಹಾಗೇ 'ಗ್ಯಾಸು' ಎಂದು ಎರಡು ಮಾತ್ರೆ ಬರೆದು ಸಾಗಹಾಕುತ್ತಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ನರ್ಸಮ್ಮನವರೆಗೆ ಎಲ್ಲರೂ ಬೆನ್ನ ಹಿಂದೆ ಅವರನ್ನು ಗ್ಯಾಸ್ ಡಾಕ್ಟರು ಎಂದೇ ಕರೆಯುತ್ತಿದ್ದರು.

ಅದೇ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವವನಿಗೆ ಲಿಫ್ಟಣ್ಣ ಎಂದು ಹೆಸರು. ಅವನ ಹೆಂಡತಿ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಮೇಜಿಗೂ ತನಗೂ ನಡುವಿನ ಜಾಗ ಕಡಿಮೆಯಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ಅವಳಿಗೇ. ಕೈಕಾಲು, ಕೆನ್ನೆ ಎಲ್ಲ ಸೊರಗುತ್ತಿವೆ, ಹೊಟ್ಟೆ ಮಾತ್ರ ಮುಂದೆ ಮುಂದೆ ಬರುತ್ತಿದೆ. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಗುವಾಗಿರಲಿಲ್ಲ. ಲಾಂಡ್ರಿಯ ಹೆಂಗಸರು ಅವಳ ಹೊಟ್ಟೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ಅದು ಒಳ್ಳೆಯ ನಗುವೇ, ಹರಸುವ ನಗು. ಅವಳ ಎದೆಯಲ್ಲೂ ಒಂದು ಆಸೆ ಮಿಸುಕಾಡಿತು. ಗಂಡನಿಗೆ ಮಾತ್ರ ಬಾಯಿಬಿಡಲಿಲ್ಲ, ಹೇಳಿದರೆ ಎಲ್ಲಿ ಸುಳ್ಳಾಗುತ್ತದೋ ಎಂಬ ಭಯ.

ಹೊಟ್ಟೆನೋವೆಂದು ಹೋದ ಮೊದಲೆರಡು ಸಲ ಗ್ಯಾಸ್ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ಸಲ ಲಿಫ್ಟಣ್ಣನೂ ಜೊತೆಗೆ ಹೋದ. ಬಾಗಿಲು ಹಾರುಹೊಡೆದಿತ್ತು, ಹೊರಗೆ ಸಾಲಿನಲ್ಲಿ ಗುರುತಿನವರೇ ಕೂತಿದ್ದರು. ಅವಳು ದನಿ ತಗ್ಗಿಸಿ, "ಡಾಕ್ಟ್ರೇ, ಒಂದು ವೇಳೆ... ಅದೇನಾದ್ರೂ ಇರಬಹುದಾ?" ಎಂದಳು.

ಡಾಕ್ಟರು ಹೊರಗಿನ ಸಾಲಿಗೂ ಕೇಳುವ ಹಾಗೆ ನಕ್ಕರು. "ಬಸಿರಲ್ಲಮ್ಮಾ, ಬೊಜ್ಜು! ಗಂಡ ಪುಕ್ಕಟೆ ಲಿಫ್ಟಲ್ಲಿ ಓಡಾಡಿಸ್ತಾನೆ, ನೀನು ಹಾಯಾಗಿ ಬೆಳೀತಿದೀಯ. ನಾಳೆಯಿಂದ ಮೆಟ್ಟಿಲು ಹತ್ತು, ಎಲ್ಲ ಕರಗುತ್ತೆ."

ಸಾಲಿನಲ್ಲಿದ್ದವರು ನಕ್ಕರು. ದೊಡ್ಡವರು ನಕ್ಕಾಗ ನಗಬೇಕು ಎಂಬ ನೌಕರಿಯ ರೂಢಿಯಲ್ಲಿ ಲಿಫ್ಟಣ್ಣನೂ ಹಲ್ಲು ಕಿರಿದ. ಅವಳು ಅದನ್ನು ನೋಡಿದಳು.

ಅವಳು ನಿಜಕ್ಕೂ ಮೆಟ್ಟಿಲು ಹತ್ತಿದಳು. ಅರ್ಧ ಊಟ ಬಿಟ್ಟಳು. ಕೊನೆಗೊಂದು ದಿನ ಲಾಂಡ್ರಿಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದ ಹಾಗೇ ನೋವಿನಿಂದ ಕುಸಿದುಬಿದ್ದಳು. ಹೊತ್ತುಕೊಂಡು ಬಂದು ಸ್ಕ್ಯಾನ್ ಮಾಡಿಸಿದರೆ, ಎಡಗಡೆಯ ಅಂಡಾಶಯದಲ್ಲಿ ಕಲ್ಲಂಗಡಿ ಹಣ್ಣಿನಷ್ಟು ದೊಡ್ಡ ಗಡ್ಡೆ, ಬಲಗಡೆ ಕಿತ್ತಳೆಯಷ್ಟು ಇನ್ನೊಂದು. ನೀರು ತುಂಬಿದ ಚೀಲಗಳಂತೆ. ಆದರೆ ದೊಡ್ಡದರೊಳಗೆ ಬರೀ ನೀರಲ್ಲ, ಗಟ್ಟಿಯಾದದ್ದೂ ಏನೋ ಇದೆ. ರಕ್ತಪರೀಕ್ಷೆಯೂ ಒಳ್ಳೆಯ ಮಾತು ಹೇಳಲಿಲ್ಲ. ಕ್ಯಾನ್ಸರ್ ಇದ್ದರೂ ಇರಬಹುದು.

"ನಾನೇನು ಹಣ್ಣಿನಂಗಡಿನಾ?" ಎಂದಳು ಅವಳು, ಸ್ಕ್ಯಾನ್ ಕೋಣೆಯಿಂದ ಹೊರಬಂದು. ಆಮೇಲೆ ಗಂಡನ ತೋಳಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಆಪರೇಷನ್ ಮಾಡಬೇಕಾದ ಮೇಡಂ ನೇರ ಮಾತಿನ ಹೆಂಗಸು. ಅವನನ್ನೂ ಅವಳನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಹೊಟ್ಟೆ ತೆರೆದು ಮೊದಲು ದೊಡ್ಡದನ್ನ ಇಡಿಯಾಗಿ ತೆಗೀತೀವಿ. ತಕ್ಷಣ ಕೆಳಗೆ ಲ್ಯಾಬಿಗೆ ಕಳಿಸ್ತೀವಿ. ಇವಳು ಮೇಜಿನ ಮೇಲೆ ಇರೋ ಹಾಗೇ ಅವರು ಪರೀಕ್ಷೆ ಮಾಡಿ ಫೋನಲ್ಲಿ ಉತ್ತರ ಹೇಳ್ತಾರೆ. ಕ್ಯಾನ್ಸರ್ ಅಂದ್ರೆ ಗರ್ಭಕೋಶ ಸಮೇತ ಎಲ್ಲ ತೆಗೀಬೇಕು. ಅಲ್ಲ ಅಂದ್ರೆ ಬಲಗಡೆದನ್ನ ಆದಷ್ಟು ಉಳಿಸ್ತೀನಿ. ಅದು ಉಳಿದ್ರೆ ಮುಂದೆ ಮಗು ಆಗೋ ದಾರಿನೂ ಉಳಿಯುತ್ತೆ."

ಲಿಫ್ಟಣ್ಣ ಕೇಳಬೇಕಾದ್ದನ್ನೆಲ್ಲ ಕೇಳಿದ. ನೋವಾಗುತ್ತದೆಯೇ, ರಕ್ತ ಬೇಕೇ, ಎಷ್ಟು ದಿನ ಮಲಗಬೇಕು. ಆ ಕಟ್ಟಡದಲ್ಲಿ ಮೇಲೆ ಹೋಗುವುದು, ಕೆಳಗೆ ಬರುವುದು ಏನಿದ್ದರೂ ಅವನ ಕೈ ಕೆಳಗೆ. ಆದರೂ ನಾಲ್ಕನೇ ಮಹಡಿಯ ಆಪರೇಷನ್ ಕೋಣೆಯಿಂದ ನೆಲಮಹಡಿಯ ಲ್ಯಾಬಿಗೆ ಆ ಗಡ್ಡೆ ಹೇಗೆ ಹೋಗುತ್ತದೆ ಎಂಬುದನ್ನು ಮಾತ್ರ ಅವನು ಕೇಳಲಿಲ್ಲ. ಅದು ಕೇಳುವ ವಿಷಯ ಎಂದೇ ಅವನಿಗೆ ಹೊಳೆಯಲಿಲ್ಲ.

ಅವನ ತಲೆಯಲ್ಲಿ ಬೇರೆಯದೇ ಕುದಿಯುತ್ತಿತ್ತು. ಅವತ್ತಿನಿಂದ ಆ ಮನೆಯಲ್ಲಿ ಗ್ಯಾಸ್ ಡಾಕ್ಟರಿಗೆ ಬಹುವಚನ ನಿಂತುಹೋಯಿತು. ಅವನು, ಇವನು, ಅಷ್ಟೇ. ಆಪರೇಷನ್ನಿಗೆ ಇನ್ನೂ ದಿನಗಳಿದ್ದವು. ರಕ್ತ ಕಡಿಮೆ ಇತ್ತು, ಅದು ಏರಬೇಕಿತ್ತು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಏನಾದರೂ ಕಡಿಯಬೇಕು, ಒಡೆಯಬೇಕು ಅನಿಸುತ್ತದೆ. ರೋಗವನ್ನು ಒಡೆಯಲು ಅವನಿಗೆ ಕೈ ಎಟುಕುವುದಿಲ್ಲ. ಡಾಕ್ಟರ ತನಕ ಎಟುಕುತ್ತದೆ.

ಆಸ್ಪತ್ರೆಯಲ್ಲಿ ಎರಡು ಲಿಫ್ಟು. ಮಂಚ ಸಮೇತ ರೋಗಿಗಳನ್ನು ಸಾಗಿಸುವ ದೊಡ್ಡದೊಂದು, ಅದು ಬಸವನಹುಳು, ರೋಗಿಗಳನ್ನು ಬಿಟ್ಟರೆ ಬೇರೆಯವರಿಗೆ ಬಿಡುತ್ತಿರಲಿಲ್ಲ. ಸಿಬ್ಬಂದಿ ಓಡಾಡುವ ಸಣ್ಣದೊಂದು. ಡಾಕ್ಟರು ಸ್ಥೂಲಕಾಯದ ಮನುಷ್ಯ, ಎರಡೂ ಮಂಡಿ ಕೈಕೊಟ್ಟಿದ್ದವು. ಬೆಳಗ್ಗೆ ಅವರ ಕಾರು ಗೇಟಿನೊಳಗೆ ಬಂತೆಂದರೆ ಸಣ್ಣ ಲಿಫ್ಟಿನ ಮುಂದೆ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗತೊಡಗಿತು. ಡಾಕ್ಟರು ಐದು ಮಹಡಿ ಹತ್ತಿ ಮೇಲೆ ಸೇರಿದ ಕ್ಷಣಕ್ಕೆ ಸರಿಯಾಗಿ ದುರಸ್ತಿ ಮುಗಿಯುತ್ತಿತ್ತು. ಒಮ್ಮೊಮ್ಮೆ ಲಿಫ್ಟಣ್ಣ ಅವರನ್ನು ಲಿಫ್ಟಿಗೆ ಬಿಟ್ಟುಕೊಂಡು, ಒಳಗಿನ ಫ್ಯಾನು ಆರಿಸಿ, ಪ್ರತಿ ಮಹಡಿಯಲ್ಲೂ ನಿಲ್ಲಿಸಿ, ಖಾಲಿ ಮೊಗಸಾಲೆಗೆ ಬಾಗಿಲು ತೆರೆದು ತೋರಿಸುತ್ತಿದ್ದ.

ಸಂಜೆ ಮನೆಗೆ ಬಂದರೆ ಹೆಂಡತಿ ದಿಂಬಿಗೆ ಒರಗಿ ಕಾಯುತ್ತಿರುತ್ತಿದ್ದಳು. "ಇವತ್ತೇನಾಯ್ತು, ಹೇಳಿ."

"ಮೂರನೇ ಮಹಡೀಲಿ ಕೂತೇಬಿಟ್ಟ ಕಣೇ, ಮೆಟ್ಟಿಲ ಮೇಲೆ. ಏದುಸಿರು ಬಿಡ್ತಾ. ನರ್ಸಮ್ಮ ಬಂದು ನೀರು ಕೊಟ್ಟಳು."

"ನೀವೆಲ್ಲಿದ್ರಿ?"

"ಪಕ್ಕದಲ್ಲೇ. 'ಹತ್ತಿ ಸಾರ್, ಎಲ್ಲ ಕರಗುತ್ತೆ' ಅಂದೆ."

ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕರೆ ನೋಯುತ್ತಿತ್ತು, ಆದರೂ ನಗುತ್ತಿದ್ದಳು. ಹೊಟ್ಟೆಯೊಳಗಿನ ದೊಡ್ಡದಕ್ಕೆ ಅವಳು ಬಾಡಿಗೆದಾರ ಎಂದು ಹೆಸರಿಟ್ಟಿದ್ದಳು. "ಸಾಕು ಸಾಕು, ಬಾಡಿಗೆದಾರ ಒದೀತಿದಾನೆ" ಎಂದು ಕಣ್ಣೊರೆಸಿಕೊಂಡು, ಒಂದು ಗಳಿಗೆ ಬಿಟ್ಟು, "ಮೂರನೇ ಮಹಡೀಲೇ ಕೂತನಾ? ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದಳು. ಆ ಮನೆಯಲ್ಲಿ ಆಗ ಇದ್ದದ್ದು ಅದೊಂದೇ ನಗು. ಅದು ಕೆಟ್ಟ ನಗು ಎನ್ನುವವರು ಬಂದು ಅವಳ ಜಾಗದಲ್ಲಿ ಒಂದು ರಾತ್ರಿ ಮಲಗಿ ನೋಡಲಿ.

ಅವಳ ಆರೈಕೆಗೆಂದು ಬಂದು ಉಳಿದಿದ್ದ ತಂಗಿಗೆ ಇದು ಹಿಡಿಸಲಿಲ್ಲ. "ಭಾವ, ಅವಳನ್ನ ನಗಿಸೋಕೆ ಬೇರೆ ಏನೂ ಸಿಗಲಿಲ್ವಾ ನಿಮಗೆ?" ಎಂದು ಕೇಳಿದಳು.

"ಸಿಕ್ಕಿದ್ರೆ ನೀನೇ ತಂದುಕೊಡು" ಎಂದ ಲಿಫ್ಟಣ್ಣ. ನಾದಿನಿ ಮುಖ ದುಮ್ಮಿಸಿಕೊಂಡು ಒಳಗೆ ಹೋದಳು.

ಆಪರೇಷನ್ನಿನ ಹಿಂದಿನ ಸಂಜೆ ಅವಳು ವಾರ್ಡಿನ ಮಂಚದ ಮೇಲೆ ಕೂತು ಬಳೆ ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಅವತ್ತು ನಗು ಇರಲಿಲ್ಲ. "ರೀ, ನಾನು ಅಲ್ಲಿ ಮಲಗಿರೋಷ್ಟು ಹೊತ್ತೂ ಅವನು ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು ಒದ್ದಾಡಬೇಕು. ನನಗೆ ಎಚ್ಚರ ಆದ ತಕ್ಷಣ ನೀವು ಅದನ್ನೇ ಹೇಳಬೇಕು. ಕ್ಯಾನ್ಸರ್ ಹೌದಾ ಅಲ್ವಾ, ಅದನ್ನ ಆಮೇಲೆ ಹೇಳಿ."

"ಆಯ್ತು ಬಿಡು. ಅದು ನನ್ನ ಜವಾಬ್ದಾರಿ" ಎಂದ ಅವನು. ಆ ಮಾತಿಗೆ ಅವಳಿಗೆ ಸ್ವಲ್ಪ ನಿದ್ದೆ ಬಂತು.

ಬೆಳಗ್ಗೆ ದೊಡ್ಡ ಲಿಫ್ಟಿನಲ್ಲಿ ಅವನೇ ಮಂಚದ ಪಕ್ಕ ನಿಂತು ಅವಳನ್ನು ನಾಲ್ಕನೇ ಮಹಡಿಗೆ ಕರೆದೊಯ್ದ. ಗಾಜಿನ ಬಾಗಿಲ ಆಚೆ ಮಂಚ ಹೋಯಿತು. ನಾದಿನಿಯನ್ನು ಬಾಗಿಲ ಮುಂದಿನ ಬೆಂಚಿನಲ್ಲಿ ಕೂರಿಸಿ, "ಮೇಲೆ ಸ್ವಲ್ಪ ಕೆಲಸ ಇದೆ, ಏನಿದ್ರೂ ಫೋನ್ ಮಾಡು" ಎಂದು ಹೇಳಿ, ತಾರಸಿಯ ಮೇಲಿನ ಯಂತ್ರದ ಕೋಣೆ ಸೇರಿಕೊಂಡ. ಹೆಂಡತಿ ಆಪರೇಷನ್ ಮೇಜಿನ ಮೇಲಿರುವಾಗ ಎಂಥ ಕೆಲಸ ಎಂದು ನಾದಿನಿಗೆ ಅನುಮಾನ ಬಂದಿರಬೇಕು. ಕೇಳಲಿಲ್ಲ.

ಯಂತ್ರದ ಕೋಣೆಯಲ್ಲಿ ಒಂದು ಮೈಕು ಇದೆ. ಗುಂಡಿ ಒತ್ತಿದರೆ ಲಿಫ್ಟಿನೊಳಗಿನ ಮಾತು ಕೇಳುತ್ತದೆ, ಇಲ್ಲಿಂದ ಮಾತಾಡಲೂಬಹುದು. ಡಾಕ್ಟರು ಸಾಲು ಮುಗಿಸಿ ಕಾಫಿಗೆ ಕೆಳಗೆ ಇಳಿಯುವವರೆಗೆ ಲಿಫ್ಟಣ್ಣ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ಅಂತೂ ಐದನೇ ಮಹಡಿಯಲ್ಲಿ ಬಾಗಿಲು ತೆರೆದು, ಗಂಟಲು ಸರಿಮಾಡಿಕೊಳ್ಳುವ ಆ ಪರಿಚಿತ ಕೆಮ್ಮು ಕೇಳಿಸಿತು. ಲಿಫ್ಟು ಇಳಿಯಿತು. ನಾಲ್ಕರಲ್ಲಿ ನಿಂತಿತು, ಯಾರೋ ಏನೋ ಅಂದರು, ಮತ್ತೆ ಬಾಗಿಲು ಮುಚ್ಚಿತು. ಮೂರು ದಾಟಿತು. ಎರಡು ಬರುವ ಮೊದಲೇ ಅವನು ಸ್ವಿಚ್ಚು ಎಳೆದ.

ಆಹಾ! ಆ ನಿಶ್ಶಬ್ದ ಅವನ ಮೈಯೆಲ್ಲ ತಂಪು ಮಾಡಿತು. ಆಮೇಲೆ ಗಂಟೆ ಬಡಿಯತೊಡಗಿತು. "ಯಾರಾದ್ರೂ ಇದೀರಾ? ಏಯ್!" ಕದ ಗುದ್ದುವ ಸದ್ದು. ಕಾವಲುಗಾರನ ಫೋನು ಬಂತು. "ಲಿಫ್ಟಣ್ಣಾ, ಗ್ಯಾಸ್ ಡಾಕ್ಟ್ರು ಸಿಕ್ಕಿಹಾಕ್ಕೊಂಡಿದಾರಂತೆ, ಒಳಗಿಂದ ಫೋನ್ ಮಾಡಿ ಕಿರುಚ್ತಿದಾರೆ."

"ನೋಡ್ತಾ ಇದೀನಿ, ನೋಡ್ತಾ ಇದೀನಿ. ದೊಡ್ಡ ರಿಪೇರಿ, ಹೊತ್ತಾಗುತ್ತೆ."

ಒಳಗೆ ಬೈಗುಳ ಶುರುವಾಯಿತು. ಆಮೇಲೆ ದೇವರ ಹೆಸರು. ಆಮೇಲೆ ಬರೀ ಉಸಿರು. ಲಿಫ್ಟಣ್ಣ ಒಂದೊಂದನ್ನೂ ಮನಸ್ಸಿನಲ್ಲಿ ಬರೆದುಕೊಂಡ, ಹೆಂಡತಿಗೆ ಒಂದಕ್ಷರ ಬಿಡದೆ ಹೇಳಬೇಕಲ್ಲ. ಬಸಿರಲ್ಲ, ಬೊಜ್ಜು ಅಂದೆಯಲ್ಲ, ಕೂತಿರು ಮಗನೇ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಅವನಿಗೆ ಭಯ ಮರೆತುಹೋಗಿತ್ತು. ಕೆಳಗೆ ಅವಳ ಹೊಟ್ಟೆ ತೆರೆದಿದ್ದಾರೆ ಎಂಬುದೂ ಒಂದು ಗಳಿಗೆ ಮರೆತಿತ್ತು.

ಆಗ ನಾದಿನಿಯ ಫೋನು ಬಂತು.

"ಭಾವ, ಎಲ್ಲಿದೀರಾ? ಒಳಗಿಂದ ನರ್ಸಮ್ಮ ಎರಡು ಸಲ ಓಡಿಬಂದ್ರು. ಲ್ಯಾಬಿಂದ ಉತ್ತರ ಬಂದಿಲ್ಲ, ಮೇಡಂ ಕಾಯ್ತಿದಾರಂತೆ. ಲ್ಯಾಬಿನವರು ನಮಗೆ ಡಬ್ಬಾನೇ ಬಂದಿಲ್ಲ ಅಂತಿದಾರೆ. ಅಟೆಂಡರನ್ನ ಕೇಳಿದ್ರೆ, ಆಗಲೇ ಕಳಿಸಿದೆ ಅಂತಾನೆ."

"ಯಾರ ಕೈಲಿ ಕಳಿಸಿದ?"

"ಐದನೇ ಮಹಡಿ ಡಾಕ್ಟರು ಕಾಫಿಗೆ ಇಳೀತಿದ್ರಂತೆ. ಹೆಂಗೂ ಕೆಳಗೆ ಹೋಗ್ತೀರಲ್ಲ ಸಾರ್, ಲ್ಯಾಬಲ್ಲಿ ಕೊಟ್ಟುಬಿಡಿ ಅಂತ ಅವರ ಕೈಗೆ ಕೊಟ್ಟನಂತೆ. ಸಣ್ಣ ಲಿಫ್ಟಲ್ಲಿ."

ಲಿಫ್ಟಣ್ಣ, ಡಬ್ಬವೇಕೆ ಸಣ್ಣ ಲಿಫ್ಟಿಗೆ ಬಂತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಟ್ರೇ, ಡಬ್ಬ, ಬಾಟಲಿಗೆಲ್ಲ ದೊಡ್ಡ ಲಿಫ್ಟು ಕರೆಯಬೇಡಿ, ಅದರ ಹಗ್ಗ ಸವೆಯುತ್ತದೆ ಎಂದು ವರ್ಷಗಟ್ಟಲೆ ಅಟೆಂಡರುಗಳ ಮೇಲೆ ಹರಿಹಾಯ್ದವನು ಅವನೇ. ಅವರು ಅವನ ಮಾತು ಪಾಲಿಸಿದ್ದರು, ಅಷ್ಟೇ.

ಸ್ವಿಚ್ಚು ಮೇಲೆ ತಳ್ಳಿದ. ಲಿಫ್ಟು ಅಲುಗಲಿಲ್ಲ. ಡಾಕ್ಟರು ಗಾಬರಿಯಲ್ಲಿ ಒಳಬಾಗಿಲನ್ನು ಮೀಟಿ ತೆರೆದಿದ್ದರು. ಒಳಬಾಗಿಲು ತೆರೆದಿದ್ದರೆ ಲಿಫ್ಟು ಜಪ್ಪಯ್ಯ ಎಂದರೂ ಚಲಿಸುವುದಿಲ್ಲ. ಜನರ ಜೀವ ಉಳಿಸಲೆಂದೇ ಇರುವ ಏರ್ಪಾಡು ಅದು.

"ಸಾರ್, ಬಾಗಿಲು ಮುಚ್ಚಿ ಸಾರ್" ಎಂದ ಮೈಕಿನಲ್ಲಿ.

"ಮುಚ್ಚಲ್ಲ! ಉಸಿರು ಕಟ್ಟಿ ಸಾಯ್ತೀನಿ. ಮೊದಲು ನನ್ನನ್ನ ಹೊರಗೆ ತೆಗಿ!"

"ದಮ್ಮಯ್ಯ ಸಾರ್, ಮುಚ್ಚಿ. ಮುಚ್ಚಿದ್ರೆ ತಕ್ಷಣ ಇಳಿಯುತ್ತೆ."

"ನಿನ್ನ ಮಾತು ನಂಬಲ್ಲ!"

ನಂಬದಿದ್ದದ್ದರಲ್ಲಿ ಡಾಕ್ಟರ ತಪ್ಪೇನೂ ಇರಲಿಲ್ಲ. ಅವನು ಮೂರನೇ ಮಹಡಿಗೆ ಓಡಿದ. ಮೆಟ್ಟಿಲು ಹಾರಿ ಹಾರಿ ಇಳಿದು, ಕೀಲಿ ಹಾಕಿ ಹೊರಬಾಗಿಲು ಸರಿಸಿದ. ಲಿಫ್ಟು ಕೆಳಗೆ ನಿಂತಿತ್ತು. ನೆಲಕ್ಕೂ ಲಿಫ್ಟಿನ ಸೂರಿಗೂ ನಡುವೆ ಮೊಣಕಾಲೆತ್ತರದ ಸಂದು. ಬೋರಲು ಮಲಗಿ ಒಳಗೆ ಇಣುಕಿದ.

ಡಾಕ್ಟರು ಬೆವರಿ ತೊಪ್ಪೆಯಾಗಿದ್ದರು. ಮಂಡಿನೋವಿನ ಮನುಷ್ಯ, ಎಷ್ಟು ಹೊತ್ತು ನಿಂತಾರು? ಮಂಜುಗಡ್ಡೆ ತುಂಬಿ ಕಳಿಸುವ ನೀಲಿ ಡಬ್ಬ ಗಟ್ಟಿಯಾಗಿತ್ತು. ಅದನ್ನು ಗೋಡೆಗೆ ಸೇರಿಸಿಕೊಂಡು ಅದರ ಮೇಲೆ ಕೂತಿದ್ದರು.

ಲಿಫ್ಟಣ್ಣನಿಗೆ ಕಣ್ಣು ಕತ್ತಲಿಟ್ಟಿತು. ಸಂದಿನಲ್ಲಿ ನುಗ್ಗಿ ಆ ಕತ್ತು ಹಿಚುಕಿಬಿಡಬೇಕು ಅನಿಸಿತು. ಹಿಚುಕುವ ಕೈಯನ್ನೇ ಜೋಡಿಸಿದ.

"ಸಾರ್, ಸ್ವಲ್ಪ ಏಳಿ ಸಾರ್. ಆ ಡಬ್ಬ ಕೊಡಿ."

"ಡಬ್ಬ ಆಮೇಲೆ. ಮೊದಲು ನಾನು. ನನ್ನ ಕೈ ಹಿಡಿದು ಎಳಿ."

"ಈ ಸಂದಿನಲ್ಲಿ ನೀವು ತೂರಲ್ಲ ಸಾರ್. ಡಬ್ಬ ತೂರುತ್ತೆ."

"ಏನಿದೆ ಅದರಲ್ಲಿ ಅಂಥಾದ್ದು? ಚಿನ್ನಾನಾ?"

"ನನ್ನ ಹೆಂಡತಿ ಬೊಜ್ಜು ಇದೆ ಸಾರ್. ನೀವು ಅದರ ಮೇಲೇ ಕೂತಿದೀರ."

ಡಾಕ್ಟರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಕೆಂಡ ತಾಗಿದವರ ಹಾಗೆ ಎದ್ದರು. ಡಬ್ಬ ಎತ್ತಿ ಸಂದಿಗೆ ಒಡ್ಡಿದರು. ಏನೋ ಹೇಳಲು ಬಾಯಿ ತೆರೆದರು. ಲಿಫ್ಟಣ್ಣ ಅದನ್ನು ಕೇಳಲು ನಿಲ್ಲಲಿಲ್ಲ. ಹೊರಬಾಗಿಲು ಎಳೆದು ಹಾಕಿ, ಡಬ್ಬವನ್ನು ಎದೆಗವಚಿಕೊಂಡು ಓಡಿದ. ಡಬ್ಬ ಭಾರವಾಗಿತ್ತು. ಮೆಟ್ಟಿಲಿಳಿಯುತ್ತ ಅವನು ಬಾಯಿಬಿಟ್ಟು ಅಳುತ್ತಿದ್ದ, ಎದುರು ಬಂದವರು ಗೋಡೆಗೆ ಸರಿದು ದಾರಿ ಬಿಟ್ಟರು.

ಲ್ಯಾಬಿನವರು ಡಬ್ಬ ಇಸಿದುಕೊಂಡು ಒಳಗೆ ಹೋದರು. ಅವನು ಅಲ್ಲೇ ನೆಲದ ಮೇಲೆ ಕೂತ. ಕೊನೆಗೆ ಒಳಗೆ ಯಾರೋ ಫೋನೆತ್ತಿ, "ಕ್ಯಾನ್ಸರ್ ಇಲ್ಲ ಮೇಡಂ" ಎಂದದ್ದು ಕೇಳಿಸಿತು. ಅವನು ನೆಲಕ್ಕೆ ಹಣೆ ಮುಟ್ಟಿಸಿದ.

ಆಪರೇಷನ್ ಮೇಡಂ ಹೊರಗೆ ಬಂದಾಗ ಅವನೂ ನಾದಿನಿಯೂ ಬೆಂಚಿನಿಂದೆದ್ದರು. ಮೇಡಂ ಮುಖದ ಮುಸುಕು ತೆಗೆದರು. ದಣಿದಿದ್ದರು.

"ಕ್ಯಾನ್ಸರ್ ಅಲ್ಲ. ಗರ್ಭಕೋಶ ಹಾಗೇ ಇದೆ. ಜೀವಕ್ಕೇನೂ ಭಯ ಇಲ್ಲ" ಎಂದರು. ಆಮೇಲೆ ಸ್ವಲ್ಪ ತಡೆದು, "ಬಲಗಡೆದನ್ನ ಉಳಿಸಕ್ಕಾಗಲಿಲ್ಲ. ಉತ್ತರ ಬರೋವರೆಗೆ ಅದನ್ನ ಮುಟ್ಟೋ ಹಾಗಿರಲಿಲ್ಲ. ಕಾಯ್ತಿದ್ದಾಗ ಅದು ಒಡೀತು. ರಕ್ತ ನಿಲ್ಲಲೇ ಇಲ್ಲ, ಅದನ್ನೂ ತೆಗೀಬೇಕಾಯ್ತು."

"ಬೇಗ ಉತ್ತರ ಬಂದಿದ್ರೆ?" ಎಂದಳು ನಾದಿನಿ.

"ಉಳೀತಿತ್ತೋ ಏನೋ. ಆಗಲೂ ಒಡೀತಿತ್ತೋ ಏನೋ. ಅದನ್ನ ಯಾರೂ ಹೇಳಕ್ಕಾಗಲ್ಲ." ಮೇಡಂ ಲಿಫ್ಟಣ್ಣನ ಕಡೆ ತಿರುಗಿದರು. "ಸಣ್ಣ ಲಿಫ್ಟ್ ಕೆಟ್ಟಿತ್ತಂತೆ, ಪಾಪ. ನೀನೇ ಎತ್ಕೊಂಡು ಓಡಿದೆಯಂತೆ. ಒಳ್ಳೆ ಕೆಲಸ ಮಾಡಿದೆ."

ನಾದಿನಿ ಅವನನ್ನೇ ದಿಟ್ಟಿಸಿ ನೋಡಿ, ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು.

ಡಾಕ್ಟರನ್ನು ಆಮೇಲೆ ಬೇರೆ ಯಾರೋ ಹೊರಗೆ ತೆಗೆದರು. ಅವರು ಯಾರಿಗೂ ದೂರು ಕೊಡಲಿಲ್ಲ. ಮರುದಿನ ಬೆಳಗ್ಗೆ ಸಣ್ಣ ಲಿಫ್ಟು ತೆರೆದು ನಿಂತಿದ್ದರೂ ಅದರತ್ತ ನೋಡದೆ, ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಲಿಫ್ಟಣ್ಣ ಕೆಳಗೆ ನಿಂತು ನೋಡಿದ. ಅವನಿಗೆ ಏನೂ ಅನಿಸಲಿಲ್ಲ.

ಮೇಡಂ ಅಷ್ಟರಲ್ಲಿ ವಾರ್ಡಿಗೆ ಬಂದು ಅವಳಿಗೆ ಎಲ್ಲ ಹೇಳಿ ಹೋಗಿದ್ದರು. ಅವನು ಒಳಗೆ ಹೋದಾಗ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯ ಕೆಳಗೆ ಹೊಟ್ಟೆ ಚಪ್ಪಟೆಯಾಗಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತ. ಹೇಳಬೇಕೆಂದು ಜೋಡಿಸಿಟ್ಟುಕೊಂಡದ್ದೆಲ್ಲ, ಬೈಗುಳ, ಗಂಟೆ, ಬೆವರು, ಎಲ್ಲವೂ ಈಗ ಬೇಡವಾಗಿದ್ದವು.

ಅವಳೇ ತಿರುಗಿದಳು. "ಸಣ್ಣ ಲಿಫ್ಟು ಕೆಟ್ಟಿತ್ತಂತೆ. ಡಬ್ಬ ಅದರಲ್ಲಿ ಸಿಕ್ಕಿಹಾಕ್ಕೊಂಡಿತ್ತಂತೆ."

ಅವನು ತಲೆ ಆಡಿಸಿದ.

"ನಾವಾ?" ಎಂದಳು.

ಸುಳ್ಳು ಹೇಳಬಹುದಿತ್ತು. ಹಳೆಯ ಲಿಫ್ಟು, ಕೆಟ್ಟಿತು ಎಂದಿದ್ದರೆ ಅವಳು ನಂಬುತ್ತಿದ್ದಳು. ಇಡೀ ಆಸ್ಪತ್ರೆಯೇ ನಂಬಿತ್ತು. "ನಾನು" ಎಂದ. "ಸ್ವಿಚ್ಚು ನನ್ನ ಕೈಲಿತ್ತು."

"ಅವನನ್ನ ಸಿಕ್ಕಿಸಿಹಾಕಿ ಅಂದೋಳು ನಾನು."

"ನೀನು ಸುಮ್ಮನಿರು. ಡಬ್ಬ ಯಾವ ಲಿಫ್ಟಲ್ಲಿ ಹೋಗುತ್ತೆ ಅಂತ ನನಗೆ ಗೊತ್ತಿರಬೇಕಿತ್ತು."

"ಹೌದು, ಗೊತ್ತಿರಬೇಕಿತ್ತು" ಎಂದಳು ಅವಳು. ಅವಳ ಮುಖ ಕೆಂಪಾಯಿತು, ಮೂಗಿನ ಹೊಳ್ಳೆ ಅದುರಿತು. ಹೊದಿಕೆಯೊಳಗಿಂದ ಕೈ ಚಾಚಿ ಅವನ ಮುಂಗೈ ಹಿಡಿದಳು. ಮೆಲ್ಲನೆ ಉಗುರು ಊರತೊಡಗಿದಳು. ಅವಳಲ್ಲಿ ಆಗ ಎಷ್ಟು ಬಲವಿತ್ತೋ ಅಷ್ಟನ್ನೂ ಹಾಕಿ ಊರಿದಳು. ಚರ್ಮ ಒಡೆದು ರಕ್ತ ಜಿನುಗಿತು. ಅವಳ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು, ಹಲ್ಲು ಕಚ್ಚಿಕೊಂಡೇ ಇದ್ದಳು.

ನಾದಿನಿ ಬಾಗಿಲಿಗೆ ಬಂದವಳು ಅದನ್ನು ನೋಡಿ ಹಾಗೇ ಹಿಂದಕ್ಕೆ ಸರಿದಳು. ಲಿಫ್ಟಣ್ಣ ಕೈ ಕೊಸರಲಿಲ್ಲ. ಅವಳಿಗೆ ಹಿಡಿಯಲು ಸುಲಭವಾಗಲೆಂದು ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡ.